ಲಸಿಕೆ ದಿನ ಮಗುವಿನ ಮಾತಿನ ಬಗ್ಗೆಯೂ ಕೇಳಿ

ಮಾನ್ಯ ಸಂಪಾದಕರೇ,

ಮಗ, ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಮೊಮ್ಮಗ ಒಂಬತ್ತು ತಿಂಗಳ ಕೂಸಾಗಿದ್ದಾಗಿನಿಂದ ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನನ್ನ ಹತ್ತಿರವೇ ಬೆಳೆಯುತ್ತಿದ್ದಾನೆ.

ಒಂದೂವರೆ ವರ್ಷ ತುಂಬುವ ಹೊತ್ತಿಗೆ ತೋಟದ ತುಂಬ ಓಡಾಡುತ್ತಿದ್ದ. ಕಾಗೆ ಬಂದರೆ ಬೆರಳು ಮಾಡಿ ತೋರಿಸುತ್ತಿದ್ದ. ಆದರೆ 'ಅಮ್ಮ' ಬಿಟ್ಟರೆ ಇನ್ನೊಂದು ಮಾತಿಲ್ಲ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಆಟದಲ್ಲಿ ಮುಳುಗಿದ್ದಾನೆ ಅಂದುಕೊಂಡೆ. 'ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಅಲ್ವಾ' ಅಂದರು ಊರಿನವರು. ಬಜೆ ತೇಯ್ದು ನಾಲಿಗೆಗೆ ಹಚ್ಚಿ ಅಂದರು. ಹಚ್ಚಿದೆ. ಏನೂ ಆಗಲಿಲ್ಲ.

ಅದೇ ಸಮಯಕ್ಕೆ ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಬೂಸ್ಟರ್ ಹಾಕಿಸಲು ಕರೆದುಕೊಂಡು ಹೋಗಿದ್ದೆ. ತೂಕ ನೋಡಿದರು, ಸೂಜಿ ಚುಚ್ಚಿದರು, ಜ್ವರದ ಔಷಧಿ ಕೊಟ್ಟು ಕಳಿಸಿದರು. ಸಾಲು ಉದ್ದ ಇತ್ತು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ 'ಮಗು ಏನೇನು ಮಾತಾಡುತ್ತೆ, ಕರೆದರೆ ತಿರುಗುತ್ತಾ' ಅಂತ ಯಾರೂ ಕೇಳಲಿಲ್ಲ. ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಅಂತ ಚಿತ್ರ ಸಮೇತ ತಿಳಿಸುವ ಪುಟಗಳು ಕೈಯಲ್ಲಿದ್ದ ತಾಯಿ ಕಾರ್ಡಿನಲ್ಲೇ ಇದ್ದವು. ಲಸಿಕೆಯ ಪುಟ ಬಿಟ್ಟು ಬೇರೆ ಪುಟ ನಾನೂ ತೆರೆದಿರಲಿಲ್ಲ.

ದೀಪಾವಳಿಗೆ ಬಂದ ಸೊಸೆ ಹಠ ಹಿಡಿದಳು. ಅರಸೀಕೆರೆಯಲ್ಲಿ ರೈಲು ಬದಲಿಸಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಕಿವಿಗೆ ಪುಟ್ಟ ಬಿರಡೆಯಂಥದ್ದು ಇಟ್ಟು ನೋಡಿದರು. ಆಮೇಲೆ ಮಲಗಿಸಿ, ತಲೆಗೆ ವೈರ್ ಅಂಟಿಸಿ ಇನ್ನೊಂದು ಪರೀಕ್ಷೆ. ಮೇಲಿಂದ ಮೇಲೆ ಬರುತ್ತಿದ್ದ ನೆಗಡಿಯಿಂದ ಕಿವಿಯ ತಮಟೆಯ ಹಿಂದೆ ನೀರು ತುಂಬಿಕೊಂಡಿತ್ತು. ಬಾವಿಯಲ್ಲಿ ಮುಳುಗಿದವರಿಗೆ ದಡದ ಮಾತು ಕೇಳಿಸಿದ ಹಾಗೆ ನಮ್ಮ ಮಾತು ಅವನಿಗೆ ಕೇಳಿಸುತ್ತಿತ್ತು. ಸರಿಯಾಗಿ ಕೇಳಿಸದ ಮಾತನ್ನು ಕೂಸು ಹೇಗೆ ಕಲಿಯಬೇಕು? ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಿವಿಗೆ ಚಿಕಿತ್ಸೆ ಆಯಿತು. ಮನೆಯಲ್ಲಿ ಏನು ಮಾಡಬೇಕು ಅಂತ ನನಗೂ ಹೇಳಿಕೊಟ್ಟರು. ಅವನು ಚೊಂಬಿನ ಕಡೆ ನೋಡಿದರೆ ಸಾಕು, ನಾನು ನೀರು ಕುಡಿಸಿಬಿಡುತ್ತಿದ್ದೆ. ಬಾಯಿ ಬಿಡುವ ಅಗತ್ಯವೇ ಅವನಿಗೆ ಬೀಳುತ್ತಿರಲಿಲ್ಲ. ಈಗ ಎದುರಿಗೆ ನೆಲದ ಮೇಲೆ ಕೂತು, ಮುಖ ನೋಡಿ 'ನೀರು ಬೇಕಾ?' ಅಂತ ಕೇಳಿ ಸುಮ್ನೆ ಕಾಯುತ್ತೇನೆ. ಆ ಕಾಯುವುದೇ ಕಷ್ಟ. ಒಂದು ದಿನ 'ನೀ' ಅಂದ. 'ನೀರು, ತಣ್ಣನೆ ನೀರು' ಅಂತ ನಾನು ಮುಂದುವರಿಸಿದೆ. ಊಟಕ್ಕೆ ಮೊಬೈಲ್ ಹಿಡಿಯುವುದನ್ನೂ ಬಿಟ್ಟೆ. ಒಂದು ವರ್ಷದ ಮಕ್ಕಳಿಗೆ ಮೊಬೈಲ್, ಟೀವಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದು ನಮ್ಮ ಹಳ್ಳಿಯ ತನಕ ಬಂದಿರಲಿಲ್ಲ.

ಈಗ ಅವನಿಗೆ ಎರಡು ವರ್ಷ ಮೂರು ತಿಂಗಳು. 'ಕಾಕಾ ಹೋಯ್ತು' ಅನ್ನುತ್ತಾನೆ. ಎರಡು ಮಾತು ಜೋಡಿಸಿದ್ದಾನೆ!

ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು ಅಂತ ನಿಯಮ ಈಗಾಗಲೇ ಇದೆ. ಆದರೆ ಮೂರು ವರ್ಷದೊಳಗಿನ ಕೂಸುಗಳು ಆ ದಿನ ಮನೆಯಲ್ಲೇ ಇರುತ್ತವೆ. ಹಿಂದಿನ ದಿನವೇ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಹೇಳಲಿ, ನಾವೇ ಎತ್ತಿಕೊಂಡು ಹೋಗುತ್ತೇವೆ. 16ರಿಂದ 24 ತಿಂಗಳ ನಡುವಿನ ಲಸಿಕೆಗೆ ಹೋದಾಗ ತಾಯಿ ಕಾರ್ಡಿನ ಆ ಪುಟ ತೆರೆದು ನಾಲ್ಕು ಪ್ರಶ್ನೆ ಕೇಳಲಿ. ಎರಡು ನಿಮಿಷ ಸಾಕು. ಅನುಮಾನ ಬಂದರೆ 'ಮೂರು ವರ್ಷ ಆಗಲಿ ನೋಡೋಣ' ಅನ್ನದೆ, ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಲು ಚೀಟಿ ಬರೆದುಕೊಡಲಿ.

– ಒಬ್ಬ ಅಜ್ಜಿ, ತಿಪಟೂರು ತಾಲ್ಲೂಕು