ಬಿಲ್ಲಿನಲ್ಲಿ ಕೋಡ್ ಬರೆಯಲಿ

ಮಾನ್ಯ ಸಂಪಾದಕರೇ,

ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗುವಾಗ ನಮ್ಮ ಪೆಟ್ರೋಲ್ ಕಾರಿನ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಏರಿನಲ್ಲಿ ಗಾಡಿ ಜಗ್ಗತೊಡಗಿತು, ದೀಪ ಮಿನುಗತೊಡಗಿತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ‘ಸೆನ್ಸರ್ ಹೋಗಿದೆ’ ಎಂದರು. ಯಾವ ಕೋಡ್ (ಗಾಡಿಯ ಕಂಪ್ಯೂಟರ್ ತೋರಿಸುವ ದೋಷದ ಸಂಖ್ಯೆ) ಬಂತು ಎಂದರೆ, ‘ಅದೆಲ್ಲ ನಿಮಗ್ಯಾಕೆ ಸಾರ್?’ ಸೆನ್ಸರ್ ಬದಲಾಯಿಸಿ, ಕೋಡ್ ಅಳಿಸಿ ಕಳಿಸಿದರು. ಮೂರನೇ ದಿನ ದೀಪ ಮತ್ತೆ ಹಾಜರ್.

ಆಮೇಲೆ ನಮ್ಮೂರಿನ ಮೆಕ್ಯಾನಿಕ್ ಹುಡುಗನೊಬ್ಬ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಅಂಗೈಯಗಲದ ಸ್ಕ್ಯಾನರ್ ಸಿಕ್ಕಿಸಿದ. ‘ಪಿ0302’ ಅಂತ ಬಂತು. ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತೆ. ಅವನು ಎರಡನೇ ಮತ್ತು ಮೂರನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ (ಕಿಡಿಗೆ ಕರೆಂಟ್ ಕೊಡುವ ಪಾರ್ಟ್) ಅದಲು ಬದಲು ಮಾಡಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿದ. ಈಗ ‘ಪಿ0303’! ಕಾಯಿಲ್ ಹೋದಲ್ಲಿಗೆ ದೋಷವೂ ಹೋಗಿತ್ತು. ಅದೊಂದನ್ನು ಹೊಸದು ಹಾಕಿದ, ಮುಗಿಯಿತು. ಹಳೇ ಸೆನ್ಸರ್ ಪಾಪ, ಸುಮ್ನೆ ಬೈಸಿಕೊಂಡಿತು.

ಕೋಡ್ ಹೇಳುವುದು ಎಲ್ಲಿ ಹುಡುಕಬೇಕು ಅಂತ, ಯಾವ ಪಾರ್ಟ್ ಕೊಳ್ಳಬೇಕು ಅಂತ ಅಲ್ಲ. ಇನ್ನೊಂದು ಮಾತು. ದೀಪ ಮಿನುಗಿದರೆ ಗಾಡಿ ಹಾಗೇ ಓಡಿಸುತ್ತಾ ಹೋಗಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುತ್ತದೆ. ಅದರ ಖರ್ಚು ಕಾಯಿಲ್‌ಗಿಂತ ಬಹಳ ಜಾಸ್ತಿ.

ಗ್ಯಾರೇಜಿನವರು ಅಳಿಸುವ ಮೊದಲು ಕೋಡನ್ನು ಬಿಲ್ಲಿನಲ್ಲಿ ಬರೆದು, ತೆಗೆದ ಪಾರ್ಟನ್ನು ನಮ್ಮ ಕೈಗೆ ಕೊಡಲಿ. ಸಾರಿಗೆ ಇಲಾಖೆ ಇದನ್ನು ಕಡ್ಡಾಯ ಮಾಡಬಾರದೇ?

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ