ಅರಮನೆಗೆ ಹೋಗುವಾಗ ನಿಘಂಟು ಜೊತೆಗಿರಲಿ

ತೀರ್ಥಹಳ್ಳಿ
ಶ್ರಾವಣ ಶುಕ್ರವಾರ

ಚಿ. ಪುಟ್ಟನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದು ಇವತ್ತಿಗೆ ಹನ್ನೆರಡು ದಿನ. ರಾಮಮಂಟಪ ಅರ್ಧ ಮುಳುಗಿದೆ, ಬೆಳಿಗ್ಗೆ ಹೋದ ಕರೆಂಟು ಇನ್ನೂ ಬಂದಿಲ್ಲ. ಫೋನು ಮಾಡುವ ಬದಲು ಕಾಗದವನ್ನೇ ಬರೆಯೋಣ ಅಂತ ಕೂತೆ. ಫೋನಿನಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಕಾಗದವಾದರೆ ನಿನಗೆ ಪುರುಸೊತ್ತಾದಾಗ ಇನ್ನೊಂದು ಸಲ ಓದಬಹುದು.

ನಿನ್ನಮ್ಮ ಹೇಳಿದಳು, ಲಂಡನ್ನಿನ ಹಳೇ ಅರಮನೆಗಳನ್ನೆಲ್ಲ ನೋಡಲು ನೀನು ವರ್ಷದ ಸದಸ್ಯತ್ವ ತೆಗೆದುಕೊಂಡಿದ್ದೀಯಂತೆ, ಬರುವ ಶನಿವಾರ ಭಾನುವಾರ ಎರಡೇ ದಿನದಲ್ಲಿ ಟವರ್, ಕೆನ್ಸಿಂಗ್ಟನ್, ಹ್ಯಾಂಪ್ಟನ್ ಕೋರ್ಟ್, ಕ್ಯೂ ಎಲ್ಲ ಮುಗಿಸುತ್ತೀಯಂತೆ. ಈ "ಮುಗಿಸುತ್ತೇನೆ" ಅನ್ನುವ ಮಾತು ಕೇಳಿ ನನಗೆ ಸಂಕಟವಾಯಿತು ಮಗೂ. ವರ್ಷವಿಡೀ ಬಾಗಿಲು ತೆರೆದಿರುವಾಗ ಎರಡು ದಿನದಲ್ಲಿ ಓಡಿ ಮುಗಿಸುವುದು ಯಾಕೆ? ನಾಲ್ಕನೇ ಕ್ಲಾಸಿನಲ್ಲಿ ಮೈಸೂರು ಅರಮನೆಗೆ ಕರೆದುಕೊಂಡು ಹೋದಾಗಲೂ ನೀನು ಕಲ್ಯಾಣ ಮಂಟಪದಲ್ಲಿ ಅರೆಗಳಿಗೆ ನಿಲ್ಲಲಿಲ್ಲ. ಆಗ ಮಗು. ಈಗ ಹಾಗೆ ಮಾಡಬೇಡ.

ನಾನೇ ಆ ತಪ್ಪು ಮಾಡಿದವಳು. ನಿನ್ನ ಅಕ್ಕನ ಮನೆಗೆ ಬಂದಿದ್ದ ವರ್ಷ ಬೆಳಿಗ್ಗೆ ಟವರ್, ಮಧ್ಯಾಹ್ನ ಹ್ಯಾಂಪ್ಟನ್ ಕೋರ್ಟ್ ನೋಡಿದೆವು. ರಾತ್ರಿ ಮಲಗಿ ನೆನಪು ಮಾಡಿಕೊಂಡರೆ ಒಂದು ಗೋಡೆಯೂ ಕಣ್ಣ ಮುಂದೆ ಬರಲಿಲ್ಲ. ವಾರ ಕಳೆದ ಮೇಲೆ ಒಬ್ಬಳೇ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿ ಹ್ಯಾಂಪ್ಟನ್ ಕೋರ್ಟಿಗೆ ಮಾತ್ರ ಮತ್ತೆ ಹೋದೆ. ಆ ದಿನ ಅಡುಗೆಮನೆ ಮತ್ತು ದೊಡ್ಡ ಹಜಾರ, ಇವೆರಡನ್ನೇ ನೋಡಿದ್ದು. ಅವು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ.

ಅಡುಗೆಮನೆಯಿಂದ ಶುರು ಮಾಡು. ಹದಿನಾರನೇ ಶತಮಾನದ ರಾಜ ಎಂಟನೇ ಹೆನ್ರಿಯ ಕಾಲದ್ದು. ಆಸ್ಥಾನದ ಸುಮಾರು 600 ಜನಕ್ಕೆ ದಿನಕ್ಕೆರಡು ಹೊತ್ತು ಊಟ ಇಲ್ಲಿಂದಲೇ ಹೋಗುತ್ತಿತ್ತು. ಒಲೆ ಅಂದರೆ ನಮ್ಮ ಒಲೆಯಲ್ಲ, ಒಳಗೆ ಆಳು ನಿಲ್ಲುವಷ್ಟು ದೊಡ್ಡದು. ಇದೆಲ್ಲ ಒಂದೇ ಕೋಣೆಯಲ್ಲಿ ನಡೆಯುತ್ತಿರಲಿಲ್ಲ, ಒಂದೊಂದು ಸಾಮಾನಿಗೆ ಒಂದೊಂದು ಉಗ್ರಾಣ, ಒಂದೊಂದು ಹೆಸರು. ಅಲ್ಲಿ ಬಟರಿ ಎಂಬ ಹೆಸರು ಎದುರಾಯಿತು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವಳು ನಾನು, ಅದನ್ನು ಬೆಣ್ಣೆಯ ಕೋಣೆ ಅಂತಲೇ ತಿಳಿದಿದ್ದೆ. ಒಳಗೆ ನೋಡಿದರೆ ಬರೀ ಪೀಪಾಯಿ. ಮನೆಗೆ ಬಂದು ನಿಘಂಟು ತೆಗೆದೆ. ಆ ಪದಕ್ಕೂ ಬೆಣ್ಣೆಗೂ ಏನೇನೂ ಸಂಬಂಧವಿಲ್ಲ. ಹಳೆಯ ಫ್ರೆಂಚಿನಲ್ಲಿ ಪೀಪಾಯಿಗಿದ್ದ ಹೆಸರಿನಿಂದ ಬಂದದ್ದು, ಬಿಯರ್ ಇಡುತ್ತಿದ್ದ ಕೋಣೆ. ಪ್ಯಾಂಟ್ರಿ ಅಂದರೆ ರೊಟ್ಟಿಯ ಕೋಣೆ, ರೊಟ್ಟಿಗೆ ಫ್ರೆಂಚಿನಲ್ಲಿ ಪ್ಯಾಂ. ಲಾರ್ಡರ್ ಹಂದಿ ಕೊಬ್ಬಿನದು. ಬಟ್ಲರ್ ಮೊದಲಿಗೆ ಬಾಟಲಿ ನೋಡಿಕೊಳ್ಳುವವನು. ನೋಡು, ಇಂಗ್ಲೆಂಡಿನ ರಾಜನ ಅಡುಗೆಮನೆಯ ತುಂಬ ಫ್ರೆಂಚು!

ಕಾರಣ ಬೇಕಾದರೆ ಟವರಿಗೆ ಹೋಗಬೇಕು. ಅದನ್ನು ಇನ್ನೊಂದು ಶನಿವಾರಕ್ಕೆ ಇಟ್ಟುಕೋ. ನಡುವಿನ ಬಿಳಿಯ ಗೋಪುರವನ್ನು 1070ರ ದಶಕದಲ್ಲಿ ಕಟ್ಟಿಸಲು ಹಿಡಿದವನು ನಾರ್ಮಂಡಿಯಿಂದ ಬಂದು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ. ಅವನ ಮಾತು ಫ್ರೆಂಚು. ಮುಂದೆ ಸುಮಾರು ಮುನ್ನೂರು ವರ್ಷ ಅಲ್ಲಿಯ ಅರಮನೆ, ನ್ಯಾಯಾಲಯ, ದೊಡ್ಡವರ ಊಟದ ಮನೆ ಎಲ್ಲ ಫ್ರೆಂಚಿನಲ್ಲೇ ನಡೆದವು. ನಮ್ಮಲ್ಲಿ ದರ್ಬಾರು, ಜಮೀನು, ದಸ್ತಾವೇಜು ಪಾರಸಿಯಿಂದ ಬಂದು ಮನೆಮಾತಾದ ಹಾಗೆ. ಪ್ಯಾಲೆಸ್ ಅನ್ನುವ ಪದವೇ ರೋಮಿನ ಪ್ಯಾಲಟೈನ್ ಗುಡ್ಡದ ಹೆಸರಿನದು, ಚಕ್ರವರ್ತಿ ಅಗಸ್ಟಸ್ ಅಲ್ಲಿ ಮನೆ ಮಾಡಿದ್ದ. ಗುಡ್ಡದ ಹೆಸರು ಮನೆಗೆ ಬಂತು, ಆಮೇಲೆ ಎಲ್ಲ ರಾಜರ ಮನೆಗೂ ಬಂತು. ನಮ್ಮದು ಎಷ್ಟು ಸರಳ ನೋಡು: ಅರಸನ ಮನೆ, ಅರಮನೆ.

ಈಗ ದೊಡ್ಡ ಹಜಾರಕ್ಕೆ ಬಾ. ಕತ್ತೆತ್ತಿ ಚಾವಣಿ ನೋಡು. ತೊಲೆಗಳ ಸಂದಿಯಿಂದ ಬಣ್ಣ ಬಳಿದ ಮರದ ಮುಖಗಳು ಕೆಳಗೆ ಇಣುಕುತ್ತಿರುತ್ತವೆ. ನನ್ನ ಪಕ್ಕ ನಿಂತಿದ್ದ ಯಾರೋ ತಮ್ಮ ಮಕ್ಕಳಿಗೆ ಹೇಳುತ್ತಿದ್ದರು, ಈವ್ಸ್‌ಡ್ರಾಪರ್ ಎಂಬ ಪದ, ಅಂದರೆ ಕದ್ದು ಕೇಳುವವನು, ಹುಟ್ಟಿದ್ದು ಈ ಮುಖಗಳಿಂದಲೇ, ಸೂರಿನಡಿ ಕೂತು ರಾಜನ ಪರವಾಗಿ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತವೆ ಎಂದು. ಕಥೆ ಚೆನ್ನಾಗಿದೆ ಅಂತ ನಾನೂ ನಂಬಿದೆ. ಊರಿಗೆ ಬಂದು ನಾಲ್ಕು ಜನಕ್ಕೆ ಹೇಳಿಯೂ ಬಿಟ್ಟೆ. ಆಮೇಲೆ ನಿಘಂಟು ನೋಡಿದರೆ, ಹೆನ್ರಿ ಆ ಹಜಾರ ಕಟ್ಟಿಸಿದ್ದು 1530ರ ದಶಕದಲ್ಲಿ, ಪದ ಅದಕ್ಕೂ ಹಿಂದೆ ಹದಿನೈದನೇ ಶತಮಾನದ ದಾಖಲೆಗಳಲ್ಲೇ ಇದೆ. ಅದರ ಬೇರು ಇನ್ನೂ ಹಳೆಯದು: ಸೂರಿನ ನೀರು ತೊಟ್ಟಿಕ್ಕುವ ಜಾಗ. ಇದನ್ನು ನಿನಗೆ ಬಿಡಿಸಿ ಹೇಳಬೇಕೇ? ಅಜ್ಜನ ಮನೆಯ ಅಂಗಳದಲ್ಲಿ ಸೂರಿನ ನೀರು ಬಿದ್ದು ಬಿದ್ದು ಗೋಡೆಯುದ್ದಕ್ಕೂ ಸಣ್ಣ ಸಣ್ಣ ಕುಳಿ ಸಾಲಾಗಿ ಆಗಿರುತ್ತಿದ್ದವಲ್ಲ, ನೀನು ಅದರಲ್ಲಿ ಗಜ್ಜುಗ ಇಟ್ಟು ಆಡುತ್ತಿದ್ದೆಯಲ್ಲ, ಆ ಗೆರೆ. ಅದರೊಳಗೆ ನಿಂತವನ ಕಿವಿ ಗೋಡೆಗೆ ಹತ್ತಿರ. ಅವನೇ ಈವ್ಸ್‌ಡ್ರಾಪರ್. ಈಗ ಇಲ್ಲಿ ಕಿಟಕಿಯಾಚೆ ಸೂರಿನ ನೀರು ಸುರಿಯುವಾಗೆಲ್ಲ ಆ ಪದ ನೆನಪಾಗುತ್ತದೆ.

ಅದಕ್ಕೇ ಹೇಳುವುದು, ಅರಮನೆಗೆ ಹೋಗುವಾಗ ನಿಘಂಟು ಜೊತೆಗಿರಲಿ. ಹಲಗೆಯ ಮೇಲೆ ಕಂಡ ಹೆಸರು, ಕೇಳಿದ ಕಥೆ ಒಂದೆರಡನ್ನು ಬರೆದುಕೊಂಡು ಬಂದು ಸಂಜೆ ನೋಡು. ಫೋನಿನಲ್ಲಿ ಥಟ್ಟನೆ ಬರುವ ಅರ್ಥಕ್ಕೆ ತೃಪ್ತಿಪಡಬೇಡ, ಪದದ ಹುಟ್ಟು ಮತ್ತು ಹಳೆಯ ಪ್ರಯೋಗಗಳನ್ನು ಓದು. ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕಾರ್ಡು ಮಾಡಿಸಿಕೋ. ಅಲ್ಲಿಯ ಅನೇಕ ಗ್ರಂಥಾಲಯಗಳು ತಮ್ಮ ಕಾರ್ಡಿದ್ದವರಿಗೆ ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟನ್ನು ಮನೆಯಲ್ಲೇ ಕೂತು ಪುಕ್ಕಟೆ ಓದಲು ಬಿಡುತ್ತವೆ.

ಆ ನಿಘಂಟುಗಳನ್ನು ಮಾಡಿದವರ ಬಗ್ಗೆ ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವರಿಗೂ ಈ ಅರಮನೆಗಳಿಗೂ ಇದ್ದ ಸಂಬಂಧ ಹೆಚ್ಚು ಜನಕ್ಕೆ ತಿಳಿಯದು. 1604ರ ಜನವರಿಯಲ್ಲಿ ರಾಜ ಜೇಮ್ಸ್ ಹ್ಯಾಂಪ್ಟನ್ ಕೋರ್ಟಿನಲ್ಲಿ ಚರ್ಚಿನ ಹಿರಿಯರನ್ನೂ ಚರ್ಚಿನಲ್ಲಿ ಸುಧಾರಣೆ ಬೇಕೆನ್ನುತ್ತಿದ್ದ ಪ್ಯೂರಿಟನ್ ಪಂಥದವರನ್ನೂ ಕೂರಿಸಿ ಸಭೆ ಮಾಡಿದ. 1611ರ ಬೈಬಲ್ ಅನುವಾದಕ್ಕೆ ಅಲ್ಲೇ ನಾಂದಿ. ಅದೇ 1604ರಲ್ಲಿ, ಪ್ಯೂರಿಟನ್ ಒಲವಿಗಾಗಿ ಪಾದ್ರಿ ಹುದ್ದೆ ಕಳೆದುಕೊಂಡಿದ್ದ ರಾಬರ್ಟ್ ಕಾಡ್ರಿ ಎಂಬಾತ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟು ಅದು. ಪದಗಳು ಎರಡೂವರೆ ಸಾವಿರದಷ್ಟು ಮಾತ್ರ, ಎಲ್ಲವೂ ಕಷ್ಟದವು. ಅಕಾರಾದಿ ಕ್ರಮವೇ ಆಗ ಜನಕ್ಕೆ ರೂಢಿಯಿಲ್ಲ. ಹಾಗಾಗಿ ಪುಣ್ಯಾತ್ಮ ಮುನ್ನುಡಿಯಲ್ಲಿ ಮೊದಲು ಅಕ್ಷರಮಾಲೆ ಬಾಯಿಪಾಠ ಮಾಡಿ, ನಿಮ್ಮ ಪದ ಎ ಅಕ್ಷರದ್ದಾದರೆ ಪುಸ್ತಕದ ಆರಂಭದಲ್ಲಿ ಹುಡುಕಿ, ವಿ ಆದರೆ ಕೊನೆಯ ಕಡೆ ಹುಡುಕಿ ಅಂತ ತಿಳಿಹೇಳಿದ್ದಾನೆ. ಒಂದನೇ ಕ್ಲಾಸಿನ ಮಕ್ಕಳಿಗೆ ಕೈಹಿಡಿದು ತಿದ್ದಿಸಿದ ಹಾಗೆ. ಆ ಮೊದಲ ಮುದ್ರಣದ ಒಂದೇ ಒಂದು ಪ್ರತಿ ಉಳಿದಿದೆ, ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿ.

ಸ್ಯಾಮ್ಯುಯಲ್ ಜಾನ್ಸನ್ ನನಗೆ ಎಲ್ಲರಿಗಿಂತ ಹತ್ತಿರದವನು. ಪುಸ್ತಕದ ಅಂಗಡಿಯವನ ಮಗ, ದುಡ್ಡಿಲ್ಲದೆ ಆಕ್ಸ್‌ಫರ್ಡ್ ಓದು ಅರ್ಧಕ್ಕೆ ಬಿಟ್ಟವನು. 1746ರಲ್ಲಿ ಇಂಗ್ಲಿಷ್ ನಿಘಂಟು ಬರೆಯಲು 1,500 ಗಿನಿಗೆ (ಆಗಿನ ಚಿನ್ನದ ನಾಣ್ಯ) ಒಪ್ಪಂದ ಮಾಡಿಕೊಂಡ, ಮೂರು ವರ್ಷದಲ್ಲಿ ಮುಗಿಸುತ್ತೇನೆ ಅಂದ. (ಅವನೂ "ಮುಗಿಸುತ್ತೇನೆ" ಅಂದವನೇ.) ಹಿಡಿದದ್ದು ಒಂಬತ್ತು ವರ್ಷದ ಹತ್ತಿರ ಹತ್ತಿರ. ಪುಸ್ತಕಗಳನ್ನು ಓದುತ್ತ ಬೇಕಾದ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ, ಆ ಸಾಲುಗಳನ್ನು ಆರು ಜನ ಬರಹಗಾರರು ನಕಲು ಮಾಡುತ್ತಿದ್ದರು. ಆರರಲ್ಲಿ ಐವರು ಸ್ಕಾಟ್ಲೆಂಡಿನವರು. ಕೆಲಸದ ನಡುವೆ 1752ರಲ್ಲಿ ಹೆಂಡತಿ ತೀರಿಕೊಂಡಳು. 1755ರ ಏಪ್ರಿಲ್‌ನಲ್ಲಿ ಎರಡು ಭಾರೀ ಸಂಪುಟ ಹೊರಬಂದಾಗ ಅದರಲ್ಲಿ ನಲವತ್ತೆರಡು ಸಾವಿರಕ್ಕೂ ಹೆಚ್ಚು ಪದ, ಲಕ್ಷ ಮೀರಿದ ಉದಾಹರಣೆ ಸಾಲುಗಳು.

ಪಿಂಚಣಿ ಎಂಬ ಪದಕ್ಕೆ ಅವನು ಬರೆದ ಅರ್ಥ ಕೇಳು: ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸರ್ಕಾರದ ಕೂಲಿಯಾಳಿಗೆ ದೇಶದ್ರೋಹಕ್ಕಾಗಿ ಕೊಡುವ ಸಂಬಳ. ಏಳು ವರ್ಷ ಕಳೆದು 1762ರಲ್ಲಿ ರಾಜ ಮೂರನೇ ಜಾರ್ಜ್ ಅವನಿಗೇ ವರ್ಷಕ್ಕೆ 300 ಪೌಂಡ್ ಪಿಂಚಣಿ ಕೊಟ್ಟ. ತನ್ನ ಮಾತೇ ತನ್ನೆದುರು ನಿಂತಾಗ ತೆಗೆದುಕೊಳ್ಳಬಹುದೇ ಎಂದು ಅವನು ಸ್ನೇಹಿತರನ್ನು ಕೇಳಿದ. ಮಂತ್ರಿ ಅವನಿಗೆ ಹೇಳಿದ್ದು, ಇದು ಮುಂದೆ ಮಾಡಬೇಕಾದ ಕೆಲಸಕ್ಕಲ್ಲ, ಆಗಲೇ ಮಾಡಿದ್ದಕ್ಕೆ ಎಂದು. ಬಡತನ ಕಂಡವನು, ತೆಗೆದುಕೊಂಡ. ಅದರಲ್ಲಿ ತಪ್ಪು ನನಗೆ ಕಾಣುವುದಿಲ್ಲ.

1767ರ ಫೆಬ್ರವರಿಯಲ್ಲಿ ರಾಣಿಯ ಮನೆಯ ಪುಸ್ತಕಾಲಯದಲ್ಲಿ ಜಾನ್ಸನ್ ಒಲೆಯ ಪಕ್ಕ ಕೂತು ಓದುತ್ತಿದ್ದ. ಇವತ್ತು ಬಕಿಂಗ್‌ಹ್ಯಾಮ್ ಅರಮನೆ ಅನ್ನುತ್ತಾರಲ್ಲ, ಅದೇ ಮನೆ. ಗ್ರಂಥಪಾಲಕ ಮೇಜಿನ ಮೇಲಿದ್ದ ಮೇಣದ ಬತ್ತಿ ಹಿಡಿದು ಕೋಣೆಯಿಂದ ಕೋಣೆಗೆ ದಾರಿ ತೋರಿಸುತ್ತ ರಾಜನನ್ನು ಕರೆತಂದು, "ಸ್ವಾಮಿ, ರಾಜರು ಬಂದಿದ್ದಾರೆ" ಅಂತ ಪಿಸುಗುಟ್ಟಿದ. ಜಾನ್ಸನ್ ಎದ್ದು ನಿಂತ. ಈಗ ಏನು ಬರೆಯುತ್ತಿದ್ದೀರಿ ಎಂದು ರಾಜ ಕೇಳಿದರೆ, ನನ್ನ ಪಾಲಿನದನ್ನು ಬರೆದಾಯಿತು ಅಂದ. ನೀವು ಅಷ್ಟು ಚೆನ್ನಾಗಿ ಬರೆಯದೆ ಇದ್ದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ ಎಂದನಂತೆ ರಾಜ. ಆ ಪುಸ್ತಕಗಳು, 65,000 ಸಂಪುಟ, ಈಗ ಸೇಂಟ್ ಪ್ಯಾಂಕ್ರಸ್ ಬಳಿಯ ಬ್ರಿಟಿಷ್ ಲೈಬ್ರರಿಯಲ್ಲಿ ಆರಂತಸ್ತಿನ ಗಾಜಿನ ಗೋಪುರದೊಳಗಿವೆ. ಒಳಗೆ ಹೋಗಲು ಟಿಕೆಟ್ಟಿಲ್ಲ. ಆಫೀಸಿನಿಂದ ಬರುವಾಗ ಒಮ್ಮೆ ಇಳಿದು ನೋಡು.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಸಂಗತಿ. 1776ರ ಏಪ್ರಿಲ್‌ನಲ್ಲಿ, ಅರುವತ್ತಾರರ ವಯಸ್ಸಿನಲ್ಲಿ, ಹ್ಯಾಂಪ್ಟನ್ ಕೋರ್ಟಿನಲ್ಲಿ ಕೆಲವು ಮನೆಗಳು ಖಾಲಿ ಇವೆಯಂತೆ, ಒಂದನ್ನು ನನಗೆ ವಾಸಕ್ಕೆ ಕೊಡಿಸಬಹುದೇ ಎಂದು ಜಾನ್ಸನ್ ರಾಜನ ಅಧಿಕಾರಿಗೆ ಕಾಗದ ಬರೆದ. ಅಪರಿಚಿತನ ಮನವಿ ಸುಲಭವಾಗಿ ನಡೆಸಿಕೊಡುವಂಥದ್ದಲ್ಲದಿದ್ದರೆ ಸುಲಭವಾಗಿ ನಿರಾಕರಿಸಬಹುದು ಎಂದೂ ಸೇರಿಸಿದ್ದ. ಹಾಗೇ ನಿರಾಕರಿಸಿದರು. ಎಂಬತ್ತು ಚಿಲ್ಲರೆ ವರ್ಷದ ನಂತರ, 1858ರಲ್ಲಿ, ಅದೇ ಹ್ಯಾಂಪ್ಟನ್ ಕೋರ್ಟಿನ ಬಯಲಿನಂಚಿನ ಒಂದು ಮನೆಯನ್ನು ಕಮ್ಮಾರನ ಮಗ, ವಿಜ್ಞಾನಿ ಮೈಕಲ್ ಫ್ಯಾರಡೆಗೆ ವಾಸಕ್ಕೆ ಕೊಟ್ಟರು, ಅವನು ಅಲ್ಲೇ ತೀರಿಕೊಂಡ. ಅದು ಸಂತೋಷವೇ. ಆದರೂ ಆ ಅಂಗಳದಲ್ಲಿ ಓಡಾಡುವಾಗ ಯಾವ ಕಿಟಕಿಯ ಹಿಂದೆ ಈ ಮುದುಕ ಕೂರಬಹುದಿತ್ತು ಅಂತ ನನ್ನ ಕಣ್ಣು ಹುಡುಕಿತು. ನಿನ್ನದೂ ಹುಡುಕಲಿ.

ಅವನ ನಿಜವಾದ ಮನೆ ಫ್ಲೀಟ್ ಬೀದಿಯ ಹಿಂದಿನ ಸಂದಿಯಲ್ಲಿದೆ, 17 ಗಾಫ್ ಸ್ಕ್ವೇರ್. ಅಟ್ಟದ ಕೋಣೆ ನೋಡು, ನಿಘಂಟು ಹುಟ್ಟಿದ್ದು ಅಲ್ಲಿ. ಬೀದಿ ಬಾಗಿಲಿಗೆ ಹಾಕಿರುವ ದಪ್ಪ ಸರಪಳಿಯನ್ನೂ ನೋಡು.

ಆಕ್ಸ್‌ಫರ್ಡ್‌ಗೆ ಹೋದರೆ 78 ಬ್ಯಾನ್‌ಬರಿ ರಸ್ತೆಯ ಮುಂದೆ ಕೆಂಪು ಅಂಚೆ ಪೆಟ್ಟಿಗೆ ಇದೆ. ಅದು ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆಯ ಮನೆ. ದರ್ಜಿಯ ಮಗ, ಹದಿನಾಲ್ಕಕ್ಕೇ ಶಾಲೆ ಬಿಟ್ಟವನು. 1879ರಲ್ಲಿ ಹತ್ತು ವರ್ಷದ ಕೆಲಸವೆಂದು ಹಿಡಿದ ನಿಘಂಟಿನ ಮೊದಲ ಕಂತು, ಎ ಇಂದ ಆಂಟ್‌ವರೆಗೆ, ಬಂದದ್ದೇ 1884ರಲ್ಲಿ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕೂತು, ಎಲ್ಲೆಲ್ಲಿಂದಲೋ ಓದುಗರು ಕಳಿಸಿದ ಲಕ್ಷಾಂತರ ಚೀಟಿಗಳನ್ನು ಗೂಡುಗಳಲ್ಲಿ ವಿಂಗಡಿಸುತ್ತಿದ್ದ. ಅವನ ಮಕ್ಕಳು ಕಾಸಿನಾಸೆಗೆ ಚೀಟಿ ಜೋಡಿಸಿಕೊಡುತ್ತಿದ್ದರು. 1915ರಲ್ಲಿ ಟಿ ಅಕ್ಷರ ನಡೆಯುತ್ತಿದ್ದಾಗ ತೀರಿಕೊಂಡ. ಪೂರ್ತಿಯಾದದ್ದು 1928ರಲ್ಲಿ, ನಾಲ್ಕು ಲಕ್ಷ ಹದಿನಾಲ್ಕು ಸಾವಿರ ಪದಗಳೊಂದಿಗೆ. ನಮ್ಮ ಕಿಟೆಲ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದಾಗ ಆಕ್ಸ್‌ಫರ್ಡ್‌ನಲ್ಲಿ ಆ ಶೆಡ್ಡಿನೊಳಗೆ ಇನ್ನೂ ಆರಂಭದ ಅಕ್ಷರಗಳೇ ನಡೆಯುತ್ತಿದ್ದವು. ಅಜ್ಜನ ಕಿಟೆಲ್ ಪ್ರತಿ ನನ್ನ ಬೀರುವಿನಲ್ಲಿ ಭದ್ರವಾಗಿದೆ. ಮಳೆ ಬಿಟ್ಟ ಮೇಲೆ ಬಿಸಿಲಿಗೆ ಇಡುತ್ತೇನೆ. ದೀಪಾವಳಿಗೆ ಬಂದಾಗ ನೀನೇ ತೆಗೆದುಕೊಂಡು ಹೋಗು.

ಶನಿವಾರ ಹ್ಯಾಂಪ್ಟನ್ ಕೋರ್ಟಿಗೆ ಮಾತ್ರ ಹೋಗು. ತಿಂಡಿ ತಿಂದು ಹೊರಡು, ಸ್ವೆಟರ್ ಇರಲಿ, ಆ ಅಡುಗೆಮನೆಯ ಕಲ್ಲು ನೆಲ ಬಹಳ ತಣ್ಣಗೆ. ತೋಟದಲ್ಲಿ 1768ರಲ್ಲಿ ನೆಟ್ಟ ದ್ರಾಕ್ಷಿ ಬಳ್ಳಿ ಇನ್ನೂ ಫಲ ಕೊಡುತ್ತಿದೆ. ಜಾನ್ಸನ್ ಮನೆ ಕೇಳಿದ ವರ್ಷ ಅದಕ್ಕೆ ಎಂಟು ವರ್ಷ. ಸೆಪ್ಟೆಂಬರಿನಲ್ಲಿ ಅದರ ಕಪ್ಪು ಹಣ್ಣನ್ನು ಅಲ್ಲೇ ಅಂಗಡಿಯಲ್ಲಿ ಮಾರುತ್ತಾರೆ. ನಾನು ಹೋದಾಗ ಕಾಲ ಮೀರಿತ್ತು, ಸಿಗಲಿಲ್ಲ. ನೀನು ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಹೋಗಿ ಒಂದು ಗೊಂಚಲು ಕೊಂಡು ತಿಂದು, ಹುಳಿಯೋ ಸಿಹಿಯೋ ನನಗೆ ಬರೆ.

ಇತಿ ನಿನ್ನ
ದೊಡ್ಡಮ್ಮ