ಭಾನುವಾರದ ಓಟ ವೀಕ್ಷಣೆ: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 4 ಗಂಟೆಗೆ ನಮ್ಮ ಮನೆಯ ಮಹಡಿಯಲ್ಲಿ 1991ರ ಬ್ರೆಜಿಲ್ ಗ್ರ್ಯಾಂಡ್ ಪ್ರೀ ಎಂಬ ಫಾರ್ಮುಲಾ ಒನ್ ಕಾರು ಓಟದ ವಿಡಿಯೊವನ್ನು ಎಲ್ಲರೂ ಸೇರಿ ನೋಡುವುದೆಂದು ನಿಶ್ಚಯವಾಗಿದೆ. ಸಾವೊ ಪೌಲೊದಲ್ಲೇ ಹುಟ್ಟಿದ ಐರ್ಟನ್ ಸೆನ್ನಾ, ಅದಕ್ಕೂ ಮೊದಲೇ ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದರೂ, ತವರಿನ ಓಟವನ್ನು ಮೊದಲ ಸಲ ಗೆದ್ದದ್ದು ಆ ವರ್ಷದ ಮಾರ್ಚ್ 24ರಂದು, ಅದೇ ಊರಿನ ಓಟದ ಟ್ರ್ಯಾಕ್ ಆದ ಇಂಟರ್‌ಲಾಗೋಸ್‌ನಲ್ಲಿ, ತಮ್ಮ ಎಂಟನೆಯ ಪ್ರಯತ್ನದಲ್ಲಿ. ಅವರ ಮೆಕ್ಲಾರೆನ್ ತಂಡದ ಕಾರಿನ ಗೇರುಗಳು ಕೈಕೊಟ್ಟು, ಕೊನೆಯ ಸುತ್ತುಗಳನ್ನು ಆರನೆಯ ಗೇರಿನಲ್ಲೇ ಓಡಿಸಬೇಕಾಗಿ ಬಂದು, ಮೇಲೆ ಮಳೆಯೂ ಶುರುವಾಗಿ, ಬೆನ್ನಟ್ಟಿ ಬರುತ್ತಿದ್ದ ಪ್ರತಿಸ್ಪರ್ಧಿ ರಿಕಾರ್ಡೊ ಪತ್ರೇಸೆಗಿಂತ ಮೂರು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಅವರು ಗೆದ್ದರು. ವೇದಿಕೆಯಲ್ಲಿ ಟ್ರೋಫಿ ಎತ್ತಲೂ ಅವರು ಪಟ್ಟ ಪಾಡನ್ನು ನೋಡಲಿಕ್ಕಾದರೂ ದಯವಿಟ್ಟು ಕೊನೆಯವರೆಗೆ ಕುಳಿತಿರಿ.

ಓಟ 71 ಸುತ್ತುಗಳದ್ದಾದ್ದರಿಂದ ಹದಿನೈದು ನಿಮಿಷ ಮುಂಚೆಯೇ ಬನ್ನಿ, ಮಕ್ಕಳನ್ನೂ ಕರೆತನ್ನಿ. ಚಹಾ ಮತ್ತು ಕುರ್ಚಿಗಳ ವ್ಯವಸ್ಥೆಗೆ ಅನುಕೂಲವಾಗುವಂತೆ, ಎಷ್ಟು ಜನ ಬರುವಿರೆಂದು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕು. ಪ್ರೊಜೆಕ್ಟರ್ ಇರುವವರು ನನಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಿದರೆ ಬಹಳ ಉಪಕಾರವಾಗುತ್ತದೆ.